ಆಲಿಸುವ ಮೋಡ್‌ಗಳು: ಗೃಹ ಆಡಿಯೊ ರಿಸೀವರ್‌ಗಳಲ್ಲಿ ಬೆಳೆದುಬಂದ ಬಗೆ

ಆಡಿಯೊ ರಿಸೀವರ್‌ಗೆ ಬಂದ ಧ್ವನಿಸಂಕೇತ ಯಾವ ಸ್ಪೀಕರ್‌ಗೆ, ಎಷ್ಟು ಪ್ರಮಾಣದಲ್ಲಿ, ಯಾವ ಸಂಸ್ಕರಣದೊಂದಿಗೆ ಹೋಗಬೇಕು ಎಂಬುದನ್ನು ನಿರ್ಧರಿಸುವ ಏರ್ಪಾಡೇ ಆಲಿಸುವ ಮೋಡ್ (ಲಿಸನಿಂಗ್ ಮೋಡ್). ಇವು ಮುಖ್ಯವಾಗಿ ಮೂರು ಬಗೆ: ಮುದ್ರಣದಲ್ಲಿರುವ ಚಾನೆಲ್‌ಗಳನ್ನು ಇದ್ದ ಹಾಗೆ ಬಿಡಿಸಿಕೊಡುವ ಡಿಕೋಡಿಂಗ್, ಕಡಿಮೆ ಚಾನೆಲ್‌ಗಳ ಧ್ವನಿಯನ್ನು ಹೆಚ್ಚು ಸ್ಪೀಕರ್‌ಗಳಿಗೆ ಹಂಚುವ ಅಪ್‌ಮಿಕ್ಸಿಂಗ್, ಮುದ್ರಣದಲ್ಲಿಲ್ಲದ ಪ್ರತಿಫಲನಗಳನ್ನು ಸೇರಿಸುವ ಸಭಾಂಗಣ ಅನುಕರಣೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಗತ್ಯಕ್ಕಾಗಿ ಹುಟ್ಟಿದ ಇವು ಮೂರೂ ಕೊನೆಗೆ ರಿಮೋಟ್‌ನ ಒಂದೇ ಗುಂಡಿಯ ಕೆಳಗೆ ಸೇರಿದ್ದರಿಂದ ಆಯ್ಕೆ ತೊಡಕಾಗಿದೆ.

ಮಾನೋ ಮತ್ತು ಸ್ಟೀರಿಯೊ

ಬ್ರಿಟನ್ನಿನ ಇಎಂಐ ಸಂಸ್ಥೆಯ ಎಂಜಿನಿಯರ್ ಆಲನ್ ಬ್ಲುಮ್ಲೈನ್ ಎರಡು ಚಾನೆಲ್‌ಗಳ ಧ್ವನಿಮುದ್ರಣ ವಿಧಾನಕ್ಕೆ 1931ರಲ್ಲೇ ಪೇಟೆಂಟ್ ಅರ್ಜಿ ಸಲ್ಲಿಸಿದ್ದ. ಆದರೆ ಸ್ಟೀರಿಯೊ ಎಲ್‌ಪಿ ರೆಕಾರ್ಡ್‌ಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಅಮೆರಿಕದಲ್ಲಿ ಸ್ಟೀರಿಯೊ ಎಫ್‌ಎಂ ಪ್ರಸಾರಕ್ಕೆ ಅನುಮತಿ ಸಿಕ್ಕಿದ್ದು 1961ರಲ್ಲಿ. ಆ ಕಾಲದ ರಿಸೀವರ್‌ಗಳ ಮುಖಫಲಕದಲ್ಲಿದ್ದ ಮಾನೋ–ಸ್ಟೀರಿಯೊ ಸ್ವಿಚ್ಚೇ ಮೊದಲ ಆಲಿಸುವ ಮೋಡ್. ಅದರ ಬಹುಮುಖ್ಯ ಉಪಯೋಗ ಗದ್ದಲ ತಗ್ಗಿಸುವುದು. ದುರ್ಬಲವಾಗಿ ಬರುವ ಎಫ್‌ಎಂ ಕೇಂದ್ರವನ್ನು ಮಾನೋದಲ್ಲಿ ಕೇಳಿದರೆ ‘ಸ್ಸ್’ ಎಂಬ ಸದ್ದು ಗಣನೀಯವಾಗಿ ಇಳಿಯುತ್ತದೆ. ಹಳೆಯ ಮಾನೋ ರೆಕಾರ್ಡನ್ನು ಸ್ಟೀರಿಯೊ ಮುಳ್ಳಿನಲ್ಲಿ ನುಡಿಸುವಾಗ ಎರಡೂ ಚಾನೆಲ್‌ಗಳನ್ನು ಕೂಡಿಸಿದರೆ ಮುಳ್ಳಿನ ಮೇಲು-ಕೆಳಗಿನ ಚಲನೆಯಿಂದ ಹುಟ್ಟುವ ಸದ್ದು ರದ್ದಾಗುತ್ತದೆ.

ಕ್ವಾಡ್ರಫೋನಿಕ್ ಪೈಪೋಟಿ

1970ರ ದಶಕದ ಆರಂಭದಲ್ಲಿ ಕೋಣೆಯ ನಾಲ್ಕು ಮೂಲೆಗಳಲ್ಲಿ ಸ್ಪೀಕರ್ ಇಡುವ ಕ್ವಾಡ್ರಫೋನಿಕ್ ಪದ್ಧತಿ ಬಂತು. ಸಿಬಿಎಸ್‌ನ ಎಸ್‌ಕ್ಯೂ ಮತ್ತು ಜಪಾನಿನ ಸಾನ್ಸುಯಿ ಸಂಸ್ಥೆಯ ಕ್ಯೂಎಸ್ ನಾಲ್ಕು ಚಾನೆಲ್‌ಗಳನ್ನು ಎರಡರೊಳಗೆ ಬೆರೆಸಿ, ಮತ್ತೆ ಬಿಡಿಸುವ ಮ್ಯಾಟ್ರಿಕ್ಸ್ ಪದ್ಧತಿಗಳು. ಜೆವಿಸಿಯ ಸಿಡಿ-4 ಹಾಗಲ್ಲ. ಅದು ಹೆಚ್ಚುವರಿ ಮಾಹಿತಿಯನ್ನು 30 ಕಿಲೊಹರ್ಟ್ಸ್ ವಾಹಕ ಕಂಪನದ ಮೇಲೆ ಹೊರಿಸಿ ರೆಕಾರ್ಡಿನ ಗೀರಿನಲ್ಲೇ ಅಡಗಿಸುತ್ತಿತ್ತು. ಒಂದು ಪದ್ಧತಿಯ ರೆಕಾರ್ಡ್ ಇನ್ನೊಂದು ಪದ್ಧತಿಯ ಡಿಕೋಡರಿನಲ್ಲಿ ಸರಿಯಾಗಿ ಬಿಡಿಸಿಕೊಳ್ಳದ ಕಾರಣ ರಿಸೀವರ್‌ಗಳಲ್ಲಿ ಎಸ್‌ಕ್ಯೂ, ಕ್ಯೂಎಸ್, ಸಿಡಿ-4 ಎಂದು ಗುರುತಿಸಿದ ತಿರುಗುಗುಂಡಿ ಬಂತು. ಮುದ್ರಣ ಯಾವ ಪದ್ಧತಿಯದೆಂದು ತಿಳಿದು ಗುಂಡಿ ತಿರುಗಿಸುವ ಹೊಣೆ ಕೇಳುಗನದಾಯಿತು. ಸರಳ ಮ್ಯಾಟ್ರಿಕ್ಸ್ ಡಿಕೋಡರ್‌ಗಳಲ್ಲಿ ಕೆಲವು ಚಾನೆಲ್‌ಗಳ ನಡುವಿನ ಬೇರ್ಪಡಿಕೆ 3 ಡೆಸಿಬೆಲ್‌ನಷ್ಟೇ ಇತ್ತು. ಹೊಂದಿಕೆಯಾಗದ ಪದ್ಧತಿಗಳ ಗೊಂದಲದಲ್ಲಿ ಕ್ವಾಡ್ರಫೋನಿಕ್ ಆ ದಶಕ ಮುಗಿಯುವಷ್ಟರಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು.

ಚಿತ್ರಮಂದಿರದಿಂದ ಮನೆಗೆ

ಮ್ಯಾಟ್ರಿಕ್ಸ್ ತಂತ್ರ ಉಳಿದುಕೊಂಡದ್ದು ಸಿನಿಮಾದಲ್ಲಿ. 1970ರ ದಶಕದ ನಡುವೆ ಬಂದು, 1977ರ ‘ಸ್ಟಾರ್ ವಾರ್ಸ್’ ಚಿತ್ರದಿಂದ ಜನಪ್ರಿಯವಾದ ಡಾಲ್ಬಿ ಸ್ಟೀರಿಯೊ ಎಡ, ನಡು, ಬಲ, ಸರೌಂಡ್ ಎಂಬ ನಾಲ್ಕು ಚಾನೆಲ್‌ಗಳನ್ನು ಫಿಲ್ಮಿನ ಎರಡು ಧ್ವನಿಪಥಗಳಲ್ಲಿ ಅಳವಡಿಸುತ್ತಿತ್ತು. ಆ ಸಂಕೇತ ವಿಡಿಯೊ ಕ್ಯಾಸೆಟ್‌ನ ಸ್ಟೀರಿಯೊ ಪಥಗಳಲ್ಲೂ ಹಾಗೆಯೇ ಉಳಿಯುತ್ತಿದ್ದುದರಿಂದ 1982ರಲ್ಲಿ ಗೃಹಬಳಕೆಗೆ ಡಾಲ್ಬಿ ಸರೌಂಡ್, 1987ರಲ್ಲಿ ಪ್ರೊ ಲಾಜಿಕ್ ಬಂದವು. ಎಡ-ಬಲ ಎರಡರಲ್ಲೂ ಒಂದೇ ಸಮನಾಗಿರುವ ಧ್ವನಿಯನ್ನು ಪ್ರೊ ಲಾಜಿಕ್ ನಡುವಿನ ಸ್ಪೀಕರ್‌ಗೂ, ಪರಸ್ಪರ ವಿರುದ್ಧ ಹಂತದಲ್ಲಿರುವುದನ್ನು ಹಿಂಬದಿಗೂ ತಿರುಗಿಸುತ್ತದೆ. ಸರೌಂಡ್ ಧ್ವನಿ ಒಂದೇ ಚಾನೆಲ್ ಆಗಿದ್ದು, ಅದರ ಮೇಲ್ಮಿತಿ 7 ಕಿಲೊಹರ್ಟ್ಸ್. ನಡುವಿನ ಸ್ಪೀಕರ್ ಇಲ್ಲದವರಿಗೆ ಮಾತನ್ನು ಎಡ-ಬಲಗಳಿಗೇ ಹಂಚುವ ‘ಫ್ಯಾಂಟಮ್’ ಆಯ್ಕೆ ಇತ್ತು. 1950–60ರ ದಶಕಗಳ ಕನ್ನಡ ಚಿತ್ರಗೀತೆಗಳಂಥ ಮಾನೋ ಮುದ್ರಣಗಳನ್ನು ಪ್ರೊ ಲಾಜಿಕ್ ಮೋಡ್‌ನಲ್ಲಿ ಕೇಳಿದರೆ ಇಡೀ ಹಾಡು ನಡುವಿನ ಸ್ಪೀಕರ್‌ನಿಂದಲೇ ಹೊಮ್ಮುವುದಕ್ಕೆ ಕಾರಣ, ಎಡ-ಬಲಗಳಲ್ಲಿ ಸಮನಾದುದನ್ನು ನಡುವಿಗೆ ಕಳಿಸುವ ಈ ನಿಯಮ.

ಸಭಾಂಗಣ ಅನುಕರಣೆ ಮತ್ತು ಡೈರೆಕ್ಟ್

1986ರಲ್ಲಿ ಯಮಾಹಾ ಡಿಎಸ್‌ಪಿ-1 ಎಂಬ ಉಪಕರಣವನ್ನು ಹೊರತಂದಿತು. ನಿಜವಾದ ಸಂಗೀತ ಸಭಾಂಗಣಗಳಲ್ಲಿ ಅಳೆದ ಪ್ರತಿಫಲನಗಳ ಆಧಾರದ ಮೇಲೆ ಅದು ಹೊಸ ಪ್ರತಿಫಲನಗಳನ್ನು ಸೃಷ್ಟಿಸಿ ಹೆಚ್ಚುವರಿ ಸ್ಪೀಕರ್‌ಗಳಿಂದ ನುಡಿಸುತ್ತಿತ್ತು. ಮುಂದೆ ಹಾಲ್, ಚರ್ಚ್, ಜಾಝ್ ಕ್ಲಬ್, ಸ್ಟೇಡಿಯಂ ಮುಂತಾದ ಹೆಸರುಗಳ ಮೋಡ್‌ಗಳು ಹಲವು ತಯಾರಕರ ರಿಸೀವರ್‌ಗಳಲ್ಲಿ ಕಾಣಿಸಿಕೊಂಡವು. ಮುದ್ರಣದಲ್ಲೇ ಸಭಾಂಗಣದ ಅನುರಣನ ಇರುವಾಗ ಅದರ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ ಎಂಬುದು ಇವುಗಳ ಮೇಲಿನ ಮುಖ್ಯ ಆಕ್ಷೇಪ. ಇದಕ್ಕೆ ಎದುರುಬದಿಯಲ್ಲಿ ನಿಲ್ಲುವುದು ಡೈರೆಕ್ಟ್ ಮೋಡ್. ಇದು ಬಾಸ್, ಟ್ರೆಬಲ್ ನಿಯಂತ್ರಣಗಳನ್ನು ಬದಿಗಿಟ್ಟು ಸಂಕೇತವನ್ನು ಆದಷ್ಟು ನೇರವಾಗಿ ಆಂಪ್ಲಿಫಯರ್‌ಗೆ ಕಳಿಸುತ್ತದೆ. ‘ಪ್ಯೂರ್ ಡೈರೆಕ್ಟ್’ ಇನ್ನೂ ಮುಂದೆ ಹೋಗಿ ಮುಖಫಲಕದ ದೀಪವನ್ನೂ ಆರಿಸುತ್ತದೆ.

ಡಿಜಿಟಲ್ ಯುಗ

1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್, 1993ರ ‘ಜುರಾಸಿಕ್ ಪಾರ್ಕ್’ನೊಂದಿಗೆ ಡಿಟಿಎಸ್ ಚಿತ್ರಮಂದಿರಗಳಿಗೆ ಬಂದವು. ಐದು ಪೂರ್ಣ ಚಾನೆಲ್‌ಗಳ ಜೊತೆಗೆ ಮಂದ್ರ ಧ್ವನಿಗೆಂದೇ ಮೀಸಲಾದ ಚಾನೆಲ್ ಇರುವ 5.1 ವಿನ್ಯಾಸ ಡಿವಿಡಿಯ ಮೂಲಕ ಮನೆಮನೆಗೆ ಹರಡಿತು. ಡಿಜಿಟಲ್ ಸಂಕೇತದೊಳಗೇ ಚಾನೆಲ್‌ಗಳ ವಿವರ ಇರುವುದರಿಂದ ರಿಸೀವರ್ ತಾನಾಗಿಯೇ ಸರಿಯಾದ ಡಿಕೋಡರನ್ನು ಆರಿಸತೊಡಗಿತು. ಕ್ವಾಡ್ರಫೋನಿಕ್ ಕಾಲದಲ್ಲಿ ಕೇಳುಗನ ಮೇಲಿದ್ದ ಹೊಣೆ ಯಂತ್ರಕ್ಕೆ ದಾಟಿತು. ಗಟ್ಟಿ ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುವ ರಾತ್ರಿ ಮೋಡ್ ಕೂಡ ಇದೇ ಕಾಲದಲ್ಲಿ ರೂಢಿಗೆ ಬಂತು.

ಕೇಳುಗನ ಪಾಲಿಗೆ ಉಳಿದದ್ದು ಎರಡೇ ಚಾನೆಲ್‌ಗಳಿರುವ ಹಾಡು, ಟಿವಿ ಕಾರ್ಯಕ್ರಮಗಳ ಪ್ರಶ್ನೆ. ಜಿಮ್ ಫಾಸ್‌ಗೇಟ್ ರೂಪಿಸಿದ ಪ್ರೊ ಲಾಜಿಕ್ II (2000) ಯಾವುದೇ ಸ್ಟೀರಿಯೊ ಮುದ್ರಣವನ್ನು ಐದು ಸ್ಪೀಕರ್‌ಗಳಿಗೆ ಹರಡಬಲ್ಲದಾಗಿತ್ತು; ಅದರ ಹಿಂಬದಿಯ ಎರಡು ಚಾನೆಲ್‌ಗಳು ಪ್ರತ್ಯೇಕವಾಗಿದ್ದವು. ಅದರಲ್ಲಿ ಮೂವಿ, ಮ್ಯೂಸಿಕ್ ಎಂಬ ಬೇರೆ ಬೇರೆ ಮೋಡ್‌ಗಳಿದ್ದವು. ಹಾಡುಗಾರನ ದನಿ ನಡುವಿನ ಸ್ಪೀಕರ್‌ಗೇ ಸೀಮಿತವಾಗಬೇಕೇ, ಎಡ-ಬಲಗಳಿಗೂ ಹರಡಬೇಕೇ ಎಂಬುದನ್ನು ಮ್ಯೂಸಿಕ್ ಮೋಡ್‌ನಲ್ಲಿ ಹೊಂದಿಸಬಹುದಿತ್ತು. ಡಿಟಿಎಸ್‌ನ ನಿಯೋ:6 ಇದಕ್ಕೆ ಪ್ರತಿಸ್ಪರ್ಧಿಯಾಗಿತ್ತು.

ಎತ್ತರದ ಸ್ಪೀಕರ್‌ಗಳು

2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಚಿತ್ರಮಂದಿರಕ್ಕೂ, 2014ರಲ್ಲಿ ಗೃಹ ರಿಸೀವರ್‌ಗಳಿಗೂ ಬಂದ ಡಾಲ್ಬಿ ಅಟ್ಮಾಸ್, 2015ರಲ್ಲಿ ಬಂದ ಡಿಟಿಎಸ್:ಎಕ್ಸ್ ಮೇಲಿನಿಂದಲೂ ಧ್ವನಿ ಕೇಳಿಸುವ ಪದ್ಧತಿಗಳು. ಇವುಗಳಲ್ಲಿ ಧ್ವನಿಯೊಂದಿಗೆ ಅದು ಕೋಣೆಯ ಯಾವ ಸ್ಥಾನದಲ್ಲಿ ಕೇಳಿಸಬೇಕು ಎಂಬ ಮಾಹಿತಿಯನ್ನೂ ಕಳಿಸಬಹುದು. ಮನೆಯಲ್ಲಿರುವ ಸ್ಪೀಕರ್‌ಗಳಿಗೆ ತಕ್ಕಂತೆ ಹಂಚಿಕೆಯನ್ನು ರಿಸೀವರ್ ಲೆಕ್ಕ ಹಾಕುತ್ತದೆ.

ಇಂದಿನ ಆಯ್ಕೆ

ಈಗಿನ ರಿಸೀವರ್‌ಗಳು ಪ್ರತಿ ಇನ್‌ಪುಟ್‌ಗೂ ಕೊನೆಯ ಬಾರಿ ಬಳಸಿದ ಮೋಡನ್ನು ನೆನಪಿಟ್ಟುಕೊಳ್ಳುವುದು ಸಾಮಾನ್ಯ. ಬಹುಚಾನೆಲ್ ಮುದ್ರಣಕ್ಕೆ ಅದರದೇ ಡಿಕೋಡರ್, ಸ್ಟೀರಿಯೊ ಸಂಗೀತಕ್ಕೆ ಸ್ಟೀರಿಯೊ ಅಥವಾ ಡೈರೆಕ್ಟ್, ಸ್ಟೀರಿಯೊದಲ್ಲಿ ಬರುವ ಸಿನಿಮಾಗೆ ಅಪ್‌ಮಿಕ್ಸರ್ ಎಂಬುದು ರೂಢಿಯಲ್ಲಿರುವ ಕ್ರಮ. ಡೈರೆಕ್ಟ್ ಆರಿಸಿದಾಗ ಕೆಲವು ರಿಸೀವರ್‌ಗಳು ಸಬ್‌ವೂಫರಿಗೆ ಬಾಸ್ ತಿರುಗಿಸುವುದನ್ನೂ ಕೋಣೆಗೆ ತಕ್ಕಂತೆ ಧ್ವನಿಯನ್ನು ತಿದ್ದುವುದನ್ನೂ ನಿಲ್ಲಿಸುತ್ತವೆ. ಸಣ್ಣ ಸ್ಪೀಕರ್‌ಗಳಿರುವ ಕಡೆ ಧ್ವನಿ ತೆಳುವಾಗುವುದು ಇದರಿಂದ. 2014ರಲ್ಲಿ ಡಾಲ್ಬಿ ತನ್ನ ಹೊಸ ಅಪ್‌ಮಿಕ್ಸರಿಗೆ 1982ರ ಹಳೆಯ ಹೆಸರನ್ನೇ, ಅಂದರೆ ಡಾಲ್ಬಿ ಸರೌಂಡ್ ಎಂದೇ, ಮತ್ತೆ ಇಟ್ಟಿತು. ಹಾಗಾಗಿ ಟಿವಿಯ ಧ್ವನಿ ಹೊಂದಿಕೆ ಎರಡೇ ಚಾನೆಲ್‌ಗಳ ಸ್ಟೀರಿಯೊ ಪಿಸಿಎಂನಲ್ಲಿ ಉಳಿದುಬಿಟ್ಟಿದ್ದರೂ ಪರದೆಯ ಮೇಲೆ ಆ ಹೆಸರು ಮೂಡಬಹುದು, ಎಲ್ಲ ಸ್ಪೀಕರ್‌ಗಳೂ ನುಡಿಯಬಹುದು. ಬಂದಿರುವುದು ನಿಜಕ್ಕೂ ಬಹುಚಾನೆಲ್ ಸಂಕೇತವೇ ಎಂದು ತಿಳಿಯಲು ಮೋಡ್‌ನ ಹೆಸರನ್ನಲ್ಲ, ರಿಸೀವರ್ ತೋರಿಸುವ ಇನ್‌ಪುಟ್ ಸಂಕೇತದ ವಿವರವನ್ನು ನೋಡಬೇಕು.