ಮೂವತ್ತೆರಡು ಲಕ್ಷ ಡಾಲರಿನ ಹಳೇ ಕಾಗದ

ಬೇಸ್‌ಬಾಲ್ ಹುಟ್ಟಿದ್ದು 1839ರಲ್ಲಿ, ಕೂಪರ್ಸ್‌ಟೌನಿನಲ್ಲಿ, ಹುಟ್ಟಿಸಿದ್ದು ಅಬ್ನರ್ ಡಬಲ್‌ಡೇ ಅಂತ ಅಮೆರಿಕದವರು ಬಹಳ ಕಾಲ ನಂಬಿದ್ದರು. ಬರೀ ಕಟ್ಟುಕತೆ! ಆ ವರ್ಷ ಆತ ವೆಸ್ಟ್ ಪಾಯಿಂಟಿನ ಸೇನಾ ಶಾಲೆಯಲ್ಲಿ ಓದುತ್ತಿದ್ದ.

1999ರ ಹರಾಜೊಂದರಲ್ಲಿ ಹಳೇ ಕೈಬರಹದ ಹಾಳೆಗಳ ಕಟ್ಟೊಂದು ಸುಮಾರು 12 ಸಾವಿರ ಡಾಲರಿಗೆ ಹೋಯ್ತು. ಅದರ ನಿಜವಾದ ಮಹತ್ವ ಆಗ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಪರಿಶೀಲಿಸಿದರೆ, ಅದು 1857ರ ಸಮಾವೇಶಕ್ಕೆಂದು ಡಾಕ್ಟರ್ ಡೇನಿಯಲ್ ಆಡಮ್ಸ್ ಬರೆದ ಆಟದ ನಿಯಮಗಳ ಕರಡು! ಒಂಬತ್ತು ಇನ್ನಿಂಗ್ಸ್, ಬೇಸ್‌ಗಳ ನಡುವೆ 90 ಅಡಿ... ಇವತ್ತಿಗೂ ಅದೇ ಲೆಕ್ಕ. 2016ರಲ್ಲಿ ಅದೇ ಹಾಳೆಗಳಿಗೆ ಬಂದದ್ದು 32.6 ಲಕ್ಷ ಡಾಲರ್.

ಕಾಗದಕ್ಕೇನೋ ಬೆಲೆ ಬಂತು, ಬರೆದವರಿಗೆ? 2015ರ ಹಾಲ್ ಆಫ್ ಫೇಮ್ ಮತದಾನದಲ್ಲಿ ಆಡಮ್ಸ್‌ಗೆ ಎರಡು ಮತ ಕಮ್ಮಿ ಬಿತ್ತು. ಆ ಹಾಲ್ ಇರೋದೆಲ್ಲಿ ಗೊತ್ತಾ? ಕಟ್ಟುಕತೆಯ ಅದೇ ಕೂಪರ್ಸ್‌ಟೌನಿನಲ್ಲಿ!