ಬೆಳ್ಗೊಳದ ಶಾಸನಗಳೂ ವಾರ್ತೆಯನ್ನು ಮುಟ್ಟಿಸುವ ಬಗೆಯೂ

ಬೆಂಗಳೂರಿನ ಕಡೆಯಿಂದ ಬರುವ ಯಾತ್ರಿಕರು ಹೆದ್ದಾರಿಯನ್ನು ಬಿಟ್ಟು ಶ್ರವಣಬೆಳ್ಗೊಳದ ಹಾದಿಯನ್ನು ಹಿಡಿಯುವುದು ಹಿರೀಸಾವೆಯಲ್ಲಿ. ಆ ಕ್ಷೇತ್ರದ ಶಾಸನಗಳನ್ನು 1889ರಲ್ಲಿ ರೈಸ್ ಸಾಹೇಬರೂ, ಪರಿಷ್ಕರಿಸಿ 1923ರಲ್ಲಿ ಆರ್. ನರಸಿಂಹಾಚಾರ್ಯರೂ ಅಚ್ಚು ಹಾಕಿಸಿದರು. ಶಾಸನಗಳೆಂದರೆ ದಾನದತ್ತಿಗಳ ಲೆಕ್ಕವೆಂದೇ ಬಹುಮಂದಿಯ ಎಣಿಕೆ. ಆದರೆ ಅನ್ಯಭಾಷೆಯವರಿಗೂ ಅಲ್ಪಸಂಖ್ಯಾತರಿಗೂ ಅರಿಕೆಯನ್ನು ಮುಟ್ಟಿಸುವ ಬಗೆಯನ್ನು ಸಹ ಇಲ್ಲಿನ ಕಲ್ಲುಗಳು ತಿಳಿಸುವುವು.

ಮೊದಲನೆಯ ನಿದರ್ಶನವು ಗೊಮ್ಮಟೇಶ್ವರನ ಪಾದದ ಬಳಿಯಲ್ಲಿದೆ. ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂಬ ಒಂದೇ ವಿಷಯವನ್ನು ಕನ್ನಡ, ತಮಿಳು, ಮರಾಠಿ ಈ ಮೂರು ಭಾಷೆಗಳಲ್ಲಿಯೂ ಕೆತ್ತಿದೆ. ಬದಲಾದುದು ಭಾಷೆ ಮಾತ್ರವಲ್ಲ, ಲಿಪಿಯೂ ಬದಲಾಗಿದೆ: ತಮಿಳಿನ ಸಾಲು ಗ್ರಂಥ ಮತ್ತು ವಟ್ಟೆಳುತ್ತು ಅಕ್ಷರಗಳಲ್ಲಿಯೂ, ಮರಾಠಿಯ ಸಾಲು ನಾಗರಿಯಲ್ಲಿಯೂ ಇರುವುವು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದ ಸಂಗತಿಯೂ ಕನ್ನಡದ ಜೊತೆಗೆ ಮರಾಠಿಯಲ್ಲಿ ಬರೆಯಲ್ಪಟ್ಟಿದೆ. ದೂರದಿಂದ ಬಂದವನು ತನ್ನ ಅಕ್ಷರವನ್ನು ಅಲ್ಲಿ ಕಂಡನು. ಅಶೋಕನೂ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ತನ್ನ ಧರ್ಮಲಿಪಿಯನ್ನು ಬರೆಯಿಸಿದ್ದನೆಂಬುದು 1958ರಲ್ಲಿ ಬೆಳಕಿಗೆ ಬಂದಿತು.

ಭಾಷೆಯು ತಿಳಿದ ಮಾತ್ರಕ್ಕೆ ನಂಬಿಕೆಯು ಹುಟ್ಟುವುದೇ? ಇಲ್ಲವೆಂಬುದಕ್ಕೆ ಶಕ 1290ರ, ಎಂದರೆ 1368ರ, ಬುಕ್ಕರಾಯನ ಶಾಸನವೇ ಸಾಕ್ಷಿ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಗಳ ಜೈನರು, ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಲ್ಲಿ ಮೊರೆಯಿಟ್ಟರು. ಅರಸನು ಶ್ರೀವೈಷ್ಣವರನ್ನು ಕರೆಯಿಸಿ, ಸಭೆಯಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗೆ ಕೊಟ್ಟನು. ಪಂಚಮಹಾವಾದ್ಯ ಹಾಗೂ ಕಲಶಗಳ ಮರ್ಯಾದೆಯು ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದೂ, ಜೈನದರ್ಶನಕ್ಕೆ ಬಂದ ಹಾನಿಯನ್ನು ವೈಷ್ಣವರು ತಮ್ಮ ದರ್ಶನಕ್ಕೇ ಬಂದ ಹಾನಿಯೆಂದು ಎಣಿಸತಕ್ಕದ್ದೆಂದೂ ವಿಧಿಸಿದನು.

ಈ ಕಟ್ಟಳೆಯನ್ನು ಸಾರಿದ ಕ್ರಮವೇ ಗಮನಾರ್ಹವಾದುದು. ರಾಜ್ಯದ ಬಸದಿಗಳಲ್ಲೆಲ್ಲ ಶಾಸನವನ್ನು ನೆಡುವ ಭಾರವನ್ನು ಅರಸನು ಶ್ರೀವೈಷ್ಣವರ ಮೇಲೆಯೇ ಇರಿಸಿದನು. ಅಭಯವನ್ನು ಬಯಸಿದವರ ಬಾಗಿಲಲ್ಲಿ, ಅಂಜಿಕೆಗೆ ಕಾರಣರಾದವರ ಕೈಯಿಂದಲೇ ಕಲ್ಲು ನಿಲ್ಲಬೇಕಾಯಿತು. ಜೈನರು ಮನೆಗೆ ವರ್ಷಕ್ಕೊಂದು ಹಣವನ್ನು ಕೊಡುವುದು. ತಿರುಮಲೆಯ ತಾತಯ್ಯನು ಅದರಿಂದ ಬೆಳ್ಗೊಳದ ದೇವರ ರಕ್ಷಣೆಗೆ 20 ಮಂದಿಯನ್ನು ನೇಮಿಸಿ, ಉಳಿದುದನ್ನು ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಯಿಸಲು ವಿನಿಯೋಗಿಸುವುದು ಎಂದು ಗೊತ್ತಾಯಿತು. ಹೀಗೆ ಮಾತಿಗೆ ಹೊಣೆಗಾರನೊಬ್ಬನು ದೊರೆತನು. ಇದೇ ವಿಷಯದ ಶಾಸನವು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ.

ರಾಯರ ಅಪ್ಪಣೆಯು ಕಲ್ಲಿನಲ್ಲಿ ಉಳಿದರೂ ಅದನ್ನು ನಡೆಯಿಸತಕ್ಕವರು ಜನರೇ. ಅರಸನಲ್ಲಿ ಬಿನ್ನೈಸಿ, ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರವನ್ನು ಮಾಡಿಸಿದವನು ಕಲ್ಲೆಹದ ಬುಸುವಿ ಸೆಟ್ಟಿ. ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದವರು ಒಂದು ಪಂಗಡದವರಲ್ಲ. ಉಭಯ ಸಮಯದವರೂ ಕೂಡಿ ಕಟ್ಟಿದರೆಂದು ಆ ಶಾಸನದ ಕೊನೆಯ ಭಾಗವು ಹೇಳುತ್ತದೆ.