ಎಡಕ್ಕಲ್ ಶಿಲಾಚಿತ್ರಗಳು

ಕೇರಳದ ವಯನಾಡು ಜಿಲ್ಲೆಯ ಅಂಬುಕುತ್ತಿ ಬೆಟ್ಟದಲ್ಲಿರುವ ಪ್ರಾಚೀನ ಶಿಲಾಚಿತ್ರಗಳ ನೆಲೆ. ಸುಲ್ತಾನ್ ಬತ್ತೇರಿಯಿಂದ ಸುಮಾರು 12 ಕಿ.ಮೀ. ದೂರದಲ್ಲಿ, ಅಂಬಲವಯಲ್ ಊರಿನ ಸಮೀಪ, ಸಮುದ್ರಮಟ್ಟದಿಂದ ಸುಮಾರು 1,200 ಮೀ. ಎತ್ತರದಲ್ಲಿದೆ. ಮೈಸೂರು ಸೀಮೆಯಿಂದ ಮಲಬಾರಿನ ಬಂದರುಗಳಿಗೆ ಇಳಿಯುತ್ತಿದ್ದ ಹಳೆಯ ವ್ಯಾಪಾರದ ಹಾದಿ ಈ ಬೆಟ್ಟದ ಬದಿಯಲ್ಲೇ ಹಾದುಹೋಗುತ್ತಿತ್ತು.

ಸ್ವರೂಪ: ವಾಡಿಕೆಯಲ್ಲಿ ಗುಹೆ ಎನ್ನುತ್ತಾರಾದರೂ ಇದು ಹೆಬ್ಬಂಡೆ ಸೀಳಿ ಉಂಟಾದ ಬಿರುಕು. ಮೇಲಿನಿಂದ ಜಾರಿದ ಭಾರಿ ಕಲ್ಲೊಂದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಚಾವಣಿಯಾಗಿದೆ. ಕೆಳಗೊಂದು, ಮೇಲೊಂದು ಅಂಕಣಗಳಿವೆ. ಚಿತ್ರಗಳಿರುವ ಮೇಲಿನ ಅಂಕಣದ ಉದ್ದ ಸುಮಾರು 96 ಅಡಿ, ಅಗಲ 22 ಅಡಿ.

ಚಿತ್ರಗಳು: ಇಲ್ಲಿ ಬಣ್ಣದ ಬಳಕೆಯಿಲ್ಲ, ಎಲ್ಲವೂ ಕಲ್ಲಿನಲ್ಲಿ ಕೊರೆದ ಗೀರುಗಳು. ಎತ್ತರದ ಶಿರೋಭೂಷಣ ತೊಟ್ಟ ಮನುಷ್ಯಾಕೃತಿ ಎಲ್ಲಕ್ಕಿಂತ ಎದ್ದುಕಾಣುತ್ತದೆ. ಆನೆ, ನಾಯಿ, ಜಿಂಕೆ, ನವಿಲು, ಚಕ್ರ, ಗಾಡಿಗಳನ್ನೂ ಗುರುತಿಸಲಾಗಿದೆ. ಒಂದರ ಮೇಲೊಂದು ಗೀರು ಹಾಯ್ದಿರುವುದರಿಂದ ಒಂದು ಆಕೃತಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಓರೆಯಾಗಿ ಬೆಳಕು ಬಿದ್ದಾಗ ಮಾತ್ರ ಕೆಲವು ರೇಖೆಗಳು ಸ್ಪಷ್ಟವಾಗುತ್ತವೆ.

ಶೋಧ: ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಈ ನೆಲೆಯನ್ನು ಪರಿಶೀಲಿಸಿ, 1901ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಸಚಿತ್ರ ಲೇಖನ ಪ್ರಕಟಿಸಿದ. ಬಳ್ಳಾರಿ ಸಮೀಪದ ಕುಪ್ಪಗಲ್ಲಿನ ಶಿಲಾಚಿತ್ರಗಳ ಬಗ್ಗೆ 1892ರಲ್ಲಿ ಬರೆದವನೂ ಈತನೇ. ಕುಪ್ಪಗಲ್ಲಿನಲ್ಲಿ ಕಪ್ಪು ಬಂಡೆಯನ್ನು ಕಲ್ಲಿನಿಂದ ಜಜ್ಜಿ ಮೂಡಿಸಿದ ದನಗಳೇ ಹೆಚ್ಚು. ಎಡಕ್ಕಲ್‌ನಲ್ಲಿ ಆಳವಾದ ಗೀರುಗಳೂ ಮನುಷ್ಯಾಕೃತಿಗಳೂ ಪ್ರಧಾನ.

ಶಾಸನಗಳು ಮತ್ತು ಕಾಲ: ಚಿತ್ರಗಳ ನಡುವೆ ತಮಿಳು-ಬ್ರಾಹ್ಮಿ ಬರಹಗಳೂ ಒಂದು ಸಂಸ್ಕೃತ ಶಾಸನವೂ ಇವೆ. ಸಂಸ್ಕೃತ ಶಾಸನದಲ್ಲಿ ಶಾಸನತಜ್ಞ ಇ. ಹುಲ್ಟ್ಸ್ ವಿಷ್ಣುವರ್ಮ ಎಂಬ ಹೆಸರನ್ನು ಓದಿದ. ಮತ್ತೊಂದು ಬರಹಕ್ಕೆ ಹಲವು ಹುಲಿಗಳನ್ನು ಕೊಂದವನು ಎಂಬ ಅರ್ಥ ಹೇಳಲಾಗಿದೆ. ಬರಹಗಳ ಕಾಲವನ್ನು ಲಿಪಿಯ ಆಧಾರದಿಂದ ಅಂದಾಜಿಸಬಹುದು. ಚಿತ್ರಗಳಿಗೆ ಅಂಥ ಆಸರೆಯಿಲ್ಲ. ಅವುಗಳಲ್ಲಿ ಹಳೆಯವು ನವಶಿಲಾಯುಗದವು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಇಲ್ಲಿನ ಒಂದು ಆಕೃತಿ ಸಿಂಧೂ ಲಿಪಿಯ ಚಿಹ್ನೆಯನ್ನು ಹೋಲುತ್ತದೆಂದು ಇತಿಹಾಸಕಾರ ಎಂ. ಆರ್. ರಾಘವ ವಾರಿಯರ್ 2009ರಲ್ಲಿ ಸೂಚಿಸಿದರು. ಇದನ್ನು ಎಲ್ಲರೂ ಒಪ್ಪಿಲ್ಲ. ಬೇರೆ ಬೇರೆ ಕಾಲದ ಕೈಗಳು ಒಂದೇ ಗೋಡೆಯ ಮೇಲೆ ಕೆಲಸ ಮಾಡಿರುವುದರಿಂದ ಇಡೀ ನೆಲೆಗೆ ಒಂದೇ ಕಾಲ ಕಟ್ಟಲಾಗದು.

ಸಂರಕ್ಷಣೆ: ನೆಲೆಯು ಕೇರಳ ರಾಜ್ಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಡಿದಾದ ಮೆಟ್ಟಿಲು ಹತ್ತಿ ಮೇಲಿನ ಅಂಕಣ ತಲುಪಬೇಕು. ಪ್ರವಾಸಿಗರ ದಟ್ಟಣೆಯೂ ಬೆಟ್ಟದ ಸುತ್ತ ನಡೆದ ಕಲ್ಲುಗಣಿಗಾರಿಕೆಯೂ ಇಲ್ಲಿನ ಬಂಡೆಗಳ ಸುರಕ್ಷತೆಯ ಬಗ್ಗೆ ಕಳವಳ ಹುಟ್ಟಿಸಿವೆ.